ಕೊನೆಯ ಕೋಟೆ

ಊರೂರುಗಳ ಜಗಳವೆಲ್ಲ ಪರದೆಯ ಮೇಲಿನ ಯುದ್ಧದಾಟದಲ್ಲೇ ತೀರುತ್ತಿದ್ದ ಕಾಲವದು. ಮಂಗಳವಾರದ ಸಂತೆ ಯಾರಿಗೆಂದು ತೀರ್ಮಾನವಾಗಲು ಬಸಲಿಂಗವ್ವ ತನ್ನೂರಿನ ಪರವಾಗಿ, ಹೊಳೆಯಾಚೆಯ ಊರಿನ ನೀಲವ್ವನ ಎದುರು, ದಿನವೂ ಮುಂಜಾನೆ ಒಂದು ನಡೆಯಂತೆ ಆಡುತ್ತ ಬಂದಿದ್ದಳು. ಈಗ ನೀಲವ್ವನಿಗೆ ಉಳಿದದ್ದು ಒಂದೇ ಕೋಟೆ.

ರೊಟ್ಟಿ ಬಡಿದ ಕೈ ಒರೆಸಿಕೊಂಡು ಬಸಲಿಂಗವ್ವ ಆನೆಗಳನ್ನು ಕೋಟೆಬಾಗಿಲಿಗೆ ತಂದು ನಿಲ್ಲಿಸಿದಳು.

"ರಾಜಿ ಆಗೋಣೇನಕ್ಕಾ?" ಪರದೆಯಿಂದ ನೀಲವ್ವನ ದನಿ ಬಂತು.

"ನನ್ನ ಕುದುರಿ ಎಲ್ಲಾ ಕೊಂದಾಗ ಈ ಅಕ್ಕ ನೆನಪಾಗಲಿಲ್ಲೇನು?" ಎನ್ನುತ್ತ ಬಸಲಿಂಗವ್ವ ಕೋಟೆ ಒಡೆದಳು. ಸಂತೆ ತಮ್ಮದಾಯಿತೆಂದು ಓಣಿಯೆಲ್ಲ ಕುಣಿಯಿತು.

ಗೆದ್ದವಳು ಸೋತವಳ ಉಡಿ ತುಂಬಬೇಕೆಂಬುದು ಯುದ್ಧದ ಕಟ್ಟಳೆ. ಸಂಜೆ ಬಸಲಿಂಗವ್ವ ದೋಣಿ ಹತ್ತಿ ಹೋದಳು. ಉಡಿಗೆ ಅಕ್ಕಿ, ಕೊಬ್ಬರಿ ಬಿದ್ದ ಮೇಲೆ ನೀಲವ್ವ ಮೆಲ್ಲಗೆ ಕೇಳಿದಳು: "ನಾಳಿ ಮುಂಜಾನಿ ಏನ್ ಮಾಡೋದಕ್ಕಾ?"

"ದೋಣಿ ಯಾವ ಊರಿಂದು ಅನ್ನೋ ಜಗಳ ಇನ್ನೂ ಹಂಗ ಐತಲ್ಲ! ದಂಡು ಕಟ್ಟಿಕೋ. ಮೊದಲನೇ ನಡೆ ನಿಂದು."