ಅವ್ವನ ಸಣ್ಣ ದನಿ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ನನ್ನ ಥೈರಾಯ್ಡ್ ಗುಳಿಗೆಯ ಡಬ್ಬಿ ಗಿಲಕ್ಕೆಂದರೆ ಸಾಕು, ನಾನು ಕುಲಗೋಡದ ನಮ್ಮ ಮನೆಯ ಎಮ್ಮೆ ಮೇಯುವ ಗೋದಲಿಯ ಮುಂದೆ ನಿಂತಿರುತ್ತೇನೆ.

ನಾನು ಚಿಕ್ಕವಳಿದ್ದಾಗ ಬೆಳಗಾವಿಯಲ್ಲಿ ಆಪರೇಷನ್ ಮಾಡಿ ಅವ್ವನ ಕೊರಳಿನ ಥೈರಾಯ್ಡ್ ಗಂಟು ತೆಗೆದಿದ್ದರು. ಮನೆಗೆ ಬಂದು ನಾಲ್ಕು ದಿನವಾಗಿತ್ತು. ಕೊರಳಿಗೆ ಬಿಳಿ ಪಟ್ಟಿ; ತಾಳಿಯನ್ನು ಮುಂಗೈಗೆ ಸುತ್ತಿಕೊಂಡಿದ್ದಳು. ದನಿ ಬಿದ್ದುಹೋಗಿತ್ತು. ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ನನ್ನನ್ನು ಚಿಟಿಕೆ ಹೊಡೆದು ಕರೆಯುತ್ತಿದ್ದಳು. ಯಾವಾಗಲಾದರೂ ಹೆಸರು ಹಿಡಿದು ಕರೆದಾಳೆಂದು ನಾನು ಹಾಸಿಗೆಯ ಪಕ್ಕ ಸುಮ್ಮನೆ ಕೂತಿರುತ್ತಿದ್ದೆ.

ಅವ್ವ ಮಾತಾಡಿಸದೆ ನಮ್ಮ ಎಮ್ಮೆ ಹಾಲು ಬಿಡುತ್ತಿರಲಿಲ್ಲ. ಆ ಸಂಜೆಯೂ ಅಪ್ಪನ ತಾಯಿ, ನಮ್ಮ ಆಯಿ, ಚರಿಗೆ ಹಿಡಿದು ಕೂತು ಸೋತಳು.

"ಸೊಸಿ ದನೀನ ಬೇಕಂತ ಇದಕ! ನಿಮ್ಮವ್ವನ ಸೀರಿ ಹೊತ್ಕೊಂಡು ನೀನರ ಕರಿ. ಮೋಸ ಹೋದ್ರ ಹೋಗ್ತೈತಿ," ಎಂದಳು ನನಗೆ.

ಅವ್ವನ ಸೀರೆಯನ್ನು ತಲೆತುಂಬ ಹೊದ್ದು, "ಬಾ ನನ್ನವ್ವಾ, ಬಿಡ ನನ್ನ ತಾಯಿ," ಎಂದೆ. ಸೀರೆಯಲ್ಲಿ ದವಾಖಾನೆಯ ವಾಸನೆ ಇನ್ನೂ ಇತ್ತು. ಎಮ್ಮೆ ಕಾಲು ಝಾಡಿಸಿತು.

ಅಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಬಂದಳು.

"ನೀ ಯಾಕ ಎದ್ದಿ ಬೇ?" ಎಂದಳು ಆಯಿ.

ಅವ್ವ ಎಮ್ಮೆಯ ಕಿವಿಯ ಹತ್ತಿರ ಬಾಗಿ, ಬರೀ ಗಾಳಿಯಂಥ ದನಿಯಲ್ಲಿ, "ಬಾ ನನ್ನವ್ವಾ," ಎಂದಳು. ಚರಿಗೆಯಲ್ಲಿ ಹಾಲು ಸರ್ರೆಂದಿತು. ಆಯಿ ನಕ್ಕಳು.

ಅಷ್ಟಕ್ಕೇ ದಣಿದ ಅವ್ವ ನನ್ನತ್ತ ತಿರುಗಿ ಚಿಟಿಕೆ ಹೊಡೆದಳು. ನಾನು ಕರುವಿನ ಕತ್ತು ಸವರುತ್ತ ನಿಂತೆ. ಅವಳು ಇನ್ನೊಮ್ಮೆ ಹೊಡೆದಳು. ಕೇಳಿಸದವಳ ಹಾಗೆ ಸವರುತ್ತಲೇ ಇದ್ದೆ.