ಆರನೇ ಕೊಕ್ಕೆಯ ಕಪ್

"ಆರನೇ ಕಪ್ ಇನ್ನೂ ನೇತಾಡ್ತಿದೆ!" ಎಂದು ಗಡಿಯಾರ ರಿಪೇರಿಯ ತಾತ ಅಡುಗೆಮನೆಯಿಂದ ಕೂಗಿದ್ದೇ ತಡ, ಇಡೀ ಮನೆ ಓಡಿ ಬಂತು. ಎಂಟು ರೂಮು, ರೂಮಿಗೊಬ್ಬರು ಬಾಡಿಗೆಯವರು, ಒಂದೇ ಅಡುಗೆಮನೆ, ಗೋಡೆಯ ಮೇಲೆ ಎಂಟು ಕೊಕ್ಕೆ, ಎಂಟು ಕಪ್. ಬೆಳಗ್ಗೆ ಎಂಟರೊಳಗೆ ಎಲ್ಲರೂ ತಮ್ಮ ತಮ್ಮ ಕಪ್ ಇಳಿಸಬೇಕು. ಇಳಿಸದವರ ಬಾಗಿಲು ಬಡಿಯಬೇಕು. ಆ ಮನೆಗೆ ಕಾನೂನು ಅಂತಿದ್ದರೆ ಇದೊಂದೇ.

ಆರನೇ ರೂಮಿನ ಹುಡುಗಿಗೆ ಈ ಕಾನೂನು ಕಂಡರಾಗದು. ಬಂದು ಎರಡು ತಿಂಗಳಾಗಿತ್ತಷ್ಟೆ. 'ನಾನು ಎದ್ದರೇನು, ಬಿಟ್ಟರೇನು, ಇವರಿಗ್ಯಾಕೆ ಉಸಾಬರಿ?' ಎಂದುಕೊಂಡು ದಿನಾ ಮಲಗುವ ಮುಂಚೆಯೇ ಕಪ್ಪನ್ನು ರೂಮಿಗೆ ಒಯ್ದುಬಿಡುತ್ತಿದ್ದಳು. ನಿನ್ನೆ ಮಾತ್ರ ತಲೆಬಿಸಿಯಲ್ಲಿ ಮರೆತಿದ್ದಳು.

ತಾತ ಬಾಗಿಲು ಬಡಿದ. ಸದ್ದಿಲ್ಲ. ನರ್ಸ್ ಅಕ್ಕ ಎರಡೂ ಕೈಯಲ್ಲಿ ಗುದ್ದಿದಳು. ಊಹೂಂ.

"ಅಯ್ಯೋ, ಏನಾಗಿದೆಯೋ ಏನೋ! ಏನ್ರೀ ಬಡಗಿ, ಹೀಗೆ ನೋಡ್ತಾ ನಿಂತ್ರೆ ಆಗುತ್ತಾ?" ಎಂದು ನರ್ಸ್ ಅಕ್ಕ ಸಿಡುಕಿದಳು.

ಬಡಗಿ ಬಾಯಲ್ಲಿದ್ದ ಹಲ್ಲುಜ್ಜುವ ಬ್ರಷ್ಷನ್ನೂ ತೆಗೆಯದೆ ಹೋಗಿ ಸ್ಕ್ರೂಡ್ರೈವರ್ ತಂದ. ತಿರುಪು ಬಿಚ್ಚಿ, ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟ. ಒಳಗೆ ನೋಡಿದರೆ ಹುಡುಗಿ ಕಿವಿಗೆ ಹತ್ತಿ ತುರುಕಿಕೊಂಡು, ಎದೆಯ ಮೇಲೆ ರಸ್ತೆ ನಿಯಮಗಳ ಪುಸ್ತಕ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾಳೆ! ನರ್ಸ್ ಅಕ್ಕ ಹಿಡಿದು ಅಲುಗಾಡಿಸಿದಳು.

"ಏನ್ರೀ ಇದು! ಬಾಗಿಲೆಲ್ಲಿ? ನಾಚಿಕೆ ಆಗಲ್ವಾ ನಿಮಗೆ?" ಎಂದು ಕಿರುಚಿದ ಹುಡುಗಿಗೆ ಆಮೇಲೆ ತಾತನ ಕೈಗಡಿಯಾರ ಕಾಣಿಸಿತು. "ಗಂಟೆ... ಎಷ್ಟು ತಾತ?"

"ಎಂಟೂ ಹತ್ತು."

"ಸತ್ತೆ! ಒಂಬತ್ತಕ್ಕೆ ನನ್ನ ಬಸ್ ಡ್ರೈವರ್ ಟೆಸ್ಟು! ಎರಡು ಸಲ ಡುಮ್ಕಿ ಆಗಿದೆ. ಇದೂ ಹೋದ್ರೆ ಮತ್ತೆ ಕರೆಯಲ್ಲ!"

"ಮೊದ್ಲೇ ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?" ನರ್ಸ್ ಅಕ್ಕ ಗದರುತ್ತಲೇ ಅವಳ ಜಡೆಗೆ ಕೈ ಹಾಕಿದಳು.

ಆಮೇಲಿನ ಹದಿನೈದು ನಿಮಿಷ ಆ ಮನೆಯಲ್ಲಿ ಯಾರ ಕೈ ಎಲ್ಲಿತ್ತೋ ದೇವರೇ ಬಲ್ಲ. ಯಾರೋ ಅಂಗಿಗೆ ಇಸ್ತ್ರಿ ಉಜ್ಜಿದರು, ಯಾರೋ ಮಂಚದಡಿಯಿಂದ ಬೂಟು ಎಳೆದರು. ತಾತ ಆರನೇ ಕಪ್ಪಿಗೇ ಹಾಲು ಸುರಿದು, ಬೇಡ ಬೇಡ ಅಂದರೂ ಕುಡಿಸಿದ. ಬಡಗಿ ಅವಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹಾರಿಹೋದ. ಬ್ರಷ್ ಇನ್ನೂ ಬಾಯಲ್ಲೇ ಇತ್ತು.

ಸಂಜೆ ಹುಡುಗಿ ಗೇಟಿನಿಂದಲೇ ಕೂಗಿಕೊಂಡು ಬಂದಳು. "ಪಾಸು! ನಾನು ಪಾಸು ಕಣ್ರೀ!" ನರ್ಸ್ ಅಕ್ಕ ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿದಳು. ಬಡಗಿ ಬಾಗಿಲು ಕೂರಿಸುತ್ತಲೇ ಶಿಳ್ಳೆ ಹೊಡೆದ. ತಾತ ಮಾತ್ರ ಕನ್ನಡಕ ಒರೆಸಿಕೊಂಡ. ಅವತ್ತು ಅವಳು ಕಪ್ ತೊಳೆದು ಕೊಕ್ಕೆಗೇ ಹಾಕಿ ಮಲಗಿದಳು.

ಮರುದಿನ ಎಂಟು ದಾಟಿ ಒಂದೇ ಒಂದು ನಿಮಿಷ. ಆರನೇ ಕೊಕ್ಕೆ ಖಾಲಿ, ತಾತನ ಕಪ್ ಮಾತ್ರ ನೇತಾಡುತ್ತಿತ್ತು. ಹುಡುಗಿ ಓಡಿಹೋಗಿ ಅವನ ಬಾಗಿಲು ದಬದಬ ಬಡಿದಳು.

"ತಾತಾ! ಬಾಗಿಲು ತೆಗೀತೀರೋ, ಬಡಗಿ ಅಣ್ಣನ್ನ ಕರೀಲೋ?"

ಒಳಗೆ ತಾತ ಐದಕ್ಕೇ ಎದ್ದು, ಸ್ನಾನ ಮಾಡಿ, ತಲೆ ಬಾಚಿಕೊಂಡು ಮಂಚದ ತುದಿಯಲ್ಲಿ ಕೂತಿದ್ದ. ಇನ್ನೆರಡು ಸಲ ಬಡಿಯಲಿ ಎಂದು ಕಾದ.