ಕೆಸರಿನ ತಳದ ಬೀಗ

ಮೂರನೆಯ ಸಲ ಮುಳುಗುವ ಮುನ್ನ ಅವಳು ಮಾಸ್ಕಿನ ಗಾಜನ್ನು ಐದು ಸಲ ಒರೆಸಿದಳು.

"ಎಷ್ಟು ಒರೆಸಿದ್ರೂ ಅಷ್ಟೇ ಕಣಮ್ಮ, ಕೊಳೆ ಇರೋದು ನೀರಲ್ಲಿ," ಎಂದರು ಮುಳುಗುವುದನ್ನು ಕಲಿಸುವ ಮೇಷ್ಟ್ರು. ಅಗ್ನಿಶಾಮಕ ದಳದವರೆಲ್ಲ ಬೆನ್ನ ಹಿಂದೆ ಅವರನ್ನು 'ಮೊಸಳೆ' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು; ಒಳಗೊಳಗೇ ಖುಷಿಯೂ ಇತ್ತು.

ಪರೀಕ್ಷೆ ಇಷ್ಟೇ: ಹಳೇ ಕಲ್ಲುಕ್ವಾರಿಯ ರಾಡಿನೀರಿನ ತಳದಲ್ಲಿ ಒಂದು ಬೀಗ ಬಿದ್ದಿದೆ. ತಡಕಿ ಹುಡುಕಿ, ಸೊಂಟಕ್ಕೆ ಕಟ್ಟಿದ ಕೀಲಿಕೈಯಿಂದ ಅಲ್ಲೇ ತೆರೆದು ತರಬೇಕು. ಹಿಂದಿನ ಎರಡು ಸಲವೂ ಅವಳು ಗಾಬರಿಬಿದ್ದು ಬರಿಗೈಯಲ್ಲಿ ಮೇಲೆ ಬಂದಿದ್ದಳು. ಈ ಸಲವೂ ಹಾಗಾದರೆ ರಕ್ಷಣಾ ತಂಡದ ಆಸೆ ಬಿಟ್ಟು ಮತ್ತೆ ಠಾಣೆಯ ಫೋನಿನ ಮುಂದೆ ಕೂರಬೇಕು. ಯಾರೋ ಮುಳುಗುತ್ತಿರುವ ಸುದ್ದಿಯನ್ನು ದುಂಡಗೆ ಬರೆದುಕೊಳ್ಳಬೇಕು.

"ಹಗ್ಗ ನನ್ನ ಕೈಲಿರುತ್ತೆ. ನಾನು ಒಂದ್ಸಲ ಜಗ್ಗಿದ್ರೆ 'ಹೇಗಿದ್ದೀ' ಅಂತ. ನೀನೂ ಒಂದ್ಸಲ ಜಗ್ಗು, 'ಚೆನ್ನಾಗಿದ್ದೀನಿ' ಅಂತ."

"ಚೆನ್ನಾಗಿಲ್ದಿದ್ರೆ?"

"ಸುಮ್ನಿರು. ಮೇಲಕ್ಕೆ ಎಳ್ಕೊಂಡು ಆಮೇಲೆ ಬೈತೀನಿ."

ತಳ ಮುಟ್ಟುತ್ತಲೇ ಕೆಸರೆದ್ದಿತು. ಅಂಗೈಯನ್ನು ಗಾಜಿಗೆ ಹಿಡಿದರೂ ಕಾಣದು. ಕಣ್ಣರಳಿಸಿದಷ್ಟೂ ಕತ್ತಲೆ ಮೇಲೆ ಬಿದ್ದು ಬಂತು. ಬೆನ್ನಿಗೆ ಗಾಳಿಯ ಸಿಲಿಂಡರಿದ್ದರೂ ಉಸಿರು ಓಟ ಕಿತ್ತಿತು. ಹಗ್ಗ ಒಮ್ಮೆ ಜಗ್ಗಿತು. ಅವಳು ಒಂದು ಸುಳ್ಳು ಜಗ್ಗು ಜಗ್ಗಿದಳು. ಬೀಗವೇನೋ ಮಂಡಿಗೇ ತಗುಲಿತು, ಆದರೆ ಕೀಲಿಕೈ ಕಬ್ಬಿಣದ ಮೇಲೆಲ್ಲ ಜಾರಿತೇ ಹೊರತು ಒಳಗೆ ಹೋಗಲೊಲ್ಲದು.

ಆಗ ನೆನಪಾದದ್ದು ಅಜ್ಜಿಯ ಟ್ರಂಕು. ಎರಡೂ ಕಣ್ಣು ಹೋಗಿದ್ದ ಅಜ್ಜಿ ದಿನಾ ಅದರ ಬೀಗ ತೆಗೆಯುತ್ತಿದ್ದಳು. ಮೊಮ್ಮಗಳು ಕೀಟಲೆಗೆಂದು ಬೀಗವನ್ನು ತಿರುಗಿಸಿ ಇಟ್ಟರೂ ತಡವರಿಸುತ್ತಿರಲಿಲ್ಲ. ಕೊನೆಗೊಂದು ದಿನ ಕೀಲಿಕೈಯನ್ನು ಅವಳಿಗೇ ಕೊಟ್ಟಿದ್ದಳು: "ನೀನು ತೆಗೀ, ಪೆಪ್ಪರ್‌ಮೆಂಟು ನಿಂದೇ. ಮೊದ್ಲು ಕಣ್ಣು ಮುಚ್ಚು ಕಳ್ಳಿ. ಕಣ್ಣು ಬಿಟ್ಕೊಂಡಿದ್ರೆ ಕೈ ಸೋಮಾರಿಯಾಗುತ್ತೆ."

ಅವಳು ಕಣ್ಣು ಮುಚ್ಚಿದಳು. ಕ್ವಾರಿಯ ಕತ್ತಲೆ ಹೋಗಿ ಮನೆಯ ಕತ್ತಲೆ ಬಂತು, ನುಸಿಗುಳಿಗೆಯ ವಾಸನೆಯ ಸಮೇತ. ಅಜ್ಜಿ ಕಲಿಸಿದಂತೆ ಹೆಬ್ಬೆರಳಿನ ಉಗುರು ಮುಂದೆ ಹೋಗಿ ತೂತು ಹುಡುಕಿತು. ಕೀಲಿಕೈ ಅದರ ಹಿಂದೆ ಹೋಯಿತು. ಹಗ್ಗ ಮತ್ತೆ ಜಗ್ಗಿದಾಗ ಅವಳು ನಿಜ ಹೇಳಿದಳು.

ದಡದಲ್ಲಿ ಮೇಷ್ಟ್ರು ಅವಳ ಮಾಸ್ಕು ಕಳಚಿ, ಬಾಯಿ ತೆರೆದ ಬೀಗವನ್ನು ಬಿಸಿಲಿಗೆ ಹಿಡಿದು ನೋಡಿದರು.

"ಭೇಷ್! ಪಾಸು. ಇನ್ನಾದ್ರೂ ಕಣ್ಣು ಬಿಡು ತಾಯಿ."

"ಒಂದ್ನಿಮಿಷ ತಡೀರಿ ಮೇಷ್ಟ್ರೇ," ಎಂದಳು ಅವಳು. "ಅಜ್ಜಿ ಇನ್ನೂ ಟ್ರಂಕು ಮುಚ್ಚಿಲ್ಲ."